ಮನೆ ಬದಲಿಸುವ ಮುನ್ನ ಕ್ರೆಡಿಟ್ ಕಾರ್ಡ್ ಸಾಲ ತೀರಿಸುವುದು ಹೇಗೆ: ಆರು ತಿಂಗಳ ಲೆಕ್ಕ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿದವರಿಗೆಲ್ಲ ಈ ಮಾತು ಗೊತ್ತು: "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡ್ತೀನಿ." ಹಳೆಯ ಓನರ್ ಹಾಗೆನ್ನುತ್ತಾರೆ, ಹೊಸ ಓನರ್ ಬೀಗದ ಕೈ ಕೊಡುವ ಮೊದಲೇ ಪೂರ್ತಿ ಅಡ್ವಾನ್ಸ್ ಕೇಳುತ್ತಾರೆ. ಈ ಎರಡರ ನಡುವಿನ ಮೂರ್ನಾಲ್ಕು ವಾರದಲ್ಲಿ ಲಾರಿ ಬಾಡಿಗೆ, ಗೀಸರ್ ಫಿಟ್ಟಿಂಗ್, ಕಿಟಕಿಗೆ ಪರದೆ, ಮಕ್ಕಳ ಶಾಲೆಯ ಫೀಸು ಎಲ್ಲವೂ ಕಾರ್ಡಿನ ಮೇಲೆ ಬೀಳುತ್ತವೆ. ಕಾರ್ಡಿನಲ್ಲಿ ಮೊದಲೇ ಸಾಲ ಇದ್ದರೆ ಆ ಒಂದು ತಿಂಗಳು ಮುಂದಿನ ಎರಡು ವರ್ಷವನ್ನು ನುಂಗುತ್ತದೆ.

ನಮ್ಮ ಮನೆಯಲ್ಲಿ ಎರಡು ಕಾರ್ಡಿನಿಂದ 1,40,000 ರೂಪಾಯಿ ಬಾಕಿ ಇತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ, ಆಷಾಢ ಹುಟ್ಟುವ ಮೊದಲು ಮನೆ ಬದಲಿಸಬೇಕಿತ್ತು. ಡಿಸೆಂಬರ್‌ನಲ್ಲೇ ಕೂತು ಲೆಕ್ಕ ಹಾಕಿದ್ದರಿಂದ ಕಾರ್ಡ್ ಸಾಲ ಹೊತ್ತುಕೊಂಡು ಹೊಸ ಮನೆಗೆ ಹೋಗುವುದು ತಪ್ಪಿತು. ನಾವು ಮಾಡಿದ್ದನ್ನು, ಎಡವಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಮೊತ್ತ ಬೇರೆ ಇರಬಹುದು, ಕ್ರಮ ಇದೇ ಇರಲಿ.

ಹೆಜ್ಜೆ 1: ಸಾಲ ಎಷ್ಟು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಹೋಗುತ್ತಿದೆ ನೋಡಿ

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂರಬೇಕು. ಒಬ್ಬರ ಕಾರ್ಡ್ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಪ್ರತಿ ಕಾರ್ಡಿನ ಕೊನೆಯ ಸ್ಟೇಟ್‌ಮೆಂಟ್ ತೆಗೆದು ಐದು ವಿಷಯ ಬರೆದುಕೊಳ್ಳಿ: ಒಟ್ಟು ಬಾಕಿ, ತಿಂಗಳ ಬಡ್ಡಿ ದರ, ಸ್ಟೇಟ್‌ಮೆಂಟ್ ಬರುವ ದಿನ, ಡ್ಯೂ ಡೇಟ್ (ಕಟ್ಟಲು ಕೊನೆಯ ದಿನ), ಇನ್ನೂ ಕಟ್ಟಬೇಕಾದ ಇಎಂಐಗಳು. ಇಎಂಐ ಮಾಡಿಸಿಕೊಂಡ ಫೋನು, ಫ್ರಿಜ್‌ಗಳ ಮುಂದಿನ ಕಂತುಗಳು ಎಷ್ಟೋ ಸಲ "ಒಟ್ಟು ಬಾಕಿ"ಯಲ್ಲಿ ಕಾಣುವುದಿಲ್ಲ. ಅದನ್ನು ಬೇರೆಯಾಗಿ ಹುಡುಕಬೇಕು.

ನಮ್ಮ ಮೊದಲ ಕಾರ್ಡಿನಲ್ಲಿ 90,000, ಬಡ್ಡಿ ತಿಂಗಳಿಗೆ ಶೇ 3.5. ಎರಡನೆಯದರಲ್ಲಿ 50,000, ಬಡ್ಡಿ ಶೇ 3.75. ಕೇಳಲು ಸಣ್ಣ ಅಂಕಿ, ಆದರೆ ವರ್ಷಕ್ಕೆ ಶೇ 42 ಮತ್ತು ಶೇ 45. ಮೇಲೆ ಆ ಬಡ್ಡಿಗೆ ಶೇ 18 ಜಿಎಸ್‌ಟಿ. 90,000ಕ್ಕೆ ಬಡ್ಡಿ 3,150, ಜಿಎಸ್‌ಟಿ 567, ಒಟ್ಟು 3,717. 50,000ಕ್ಕೆ ಎರಡೂ ಸೇರಿ 2,212. ತಿಂಗಳಿಗೆ 5,929 ರೂಪಾಯಿ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 200. ಆ 200 ಅನ್ನುವ ಅಂಕಿಯನ್ನು ನಾನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಲಕ್ಷದ ಮಾತು ತಲೆಗೆ ಹೋಗುವುದಿಲ್ಲ. ದಿನಾ ಇಷ್ಟು ದುಡ್ಡು ಸುಮ್ಮನೆ ಹೋಗುತ್ತಿದೆ ಅನ್ನುವುದು ಮಕ್ಕಳಿಗೂ ಅರ್ಥವಾಗುತ್ತದೆ.

ಮಿನಿಮಮ್ ಡ್ಯೂ (ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟುತ್ತಿದ್ದೇವಲ್ಲ ಅಂತ ನಾವೂ ಧೈರ್ಯದಲ್ಲಿದ್ದೆವು. 90,000ಕ್ಕೆ ಶೇ 5ರಂತೆ ಮಿನಿಮಮ್ 4,500. ಅದರಲ್ಲಿ 3,717 ಬಡ್ಡಿ ಮತ್ತು ತೆರಿಗೆಗೇ ಹೋಗಿ, ಅಸಲಿಗೆ ಸೇರುವುದು 783 ರೂಪಾಯಿ. ಒಂದು ಹೊಸ ಸ್ವೈಪ್ ಕೂಡ ಮಾಡದೆ ಐದು ವರ್ಷ ಹೀಗೆ ಮಿನಿಮಮ್ ಕಟ್ಟುತ್ತಾ ಹೋದರೂ ಅಸಲಿನ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಕೂತಿರುತ್ತದೆ. ಮಿನಿಮಮ್ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ನಮ್ಮ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ತಡ ಅಂತ ದಾಖಲಾಗುವುದಿಲ್ಲ. ಅಷ್ಟೇ ಅದರ ಉಪಯೋಗ.

ಹೆಜ್ಜೆ 2: ಇವತ್ತಿನಿಂದಲೇ ಕಾರ್ಡ್ ಬಳಸುವುದನ್ನು ನಿಲ್ಲಿಸಿ

ಇದನ್ನು ಬಹಳ ಜನ ಕೊನೆಗೆ ಇಡುತ್ತಾರೆ, ತಪ್ಪು. ಬಾಕಿ ಉಳಿಸಿಕೊಂಡ ಕಾರ್ಡಿಗೆ ಬಡ್ಡಿಯಿಲ್ಲದ 45-50 ದಿನದ ಸೌಲಭ್ಯ ಇರುವುದಿಲ್ಲ. ನೀವು ಇವತ್ತು ಸೂಪರ್ ಮಾರ್ಕೆಟ್‌ನಲ್ಲಿ ಸ್ವೈಪ್ ಮಾಡಿದ ಬೇಳೆ, ಎಣ್ಣೆಗೂ ಇವತ್ತಿನಿಂದಲೇ ಶೇ 42ರ ಬಡ್ಡಿ ಶುರು. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆದರೆ ಬಾಕಿ ಇರಲಿ ಇಲ್ಲದಿರಲಿ ಆ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ.

ಕಾರ್ಡನ್ನು ಕತ್ತರಿಸಬೇಕಿಲ್ಲ. ಆ್ಯಪ್‌ಗೆ ಹೋಗಿ ಆನ್‌ಲೈನ್, ವಿದೇಶಿ, ಟ್ಯಾಪ್ ಮಾಡುವ ಪಾವತಿಗಳನ್ನೆಲ್ಲ ಆಫ್ ಮಾಡಿ, ಮಿತಿಯನ್ನು ಆದಷ್ಟು ಕೆಳಗಿಳಿಸಿ. ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕಾರ್ಡ್ ಅಳಿಸಿ. ಆಮೇಲೆ ಕಾರ್ಡಿನಿಂದ ತಾನಾಗಿ ಹೋಗುವ ಪಾವತಿಗಳನ್ನು ಒಂದೊಂದಾಗಿ ಹುಡುಕಿ: ಒಟಿಟಿ, ಮೊಬೈಲ್ ಬಿಲ್, ಕರೆಂಟ್ ಬಿಲ್, ಇನ್ಶೂರೆನ್ಸ್. ಇವನ್ನು ಉಳಿತಾಯ ಖಾತೆಗೆ ಅಥವಾ ಯುಪಿಐ ಆಟೊಪೇಗೆ ಬದಲಿಸಿ. ನಮ್ಮ ಸ್ಟೇಟ್‌ಮೆಂಟ್‌ನಲ್ಲಿ "ಕಾರ್ಡ್ ಪ್ರೊಟೆಕ್ಷನ್" ಅಂತ ವರ್ಷಕ್ಕೊಮ್ಮೆ ಹೋಗುತ್ತಿದ್ದ ಮೊತ್ತ ಸಿಕ್ಕಿತು. ಯಾವಾಗ ಒಪ್ಪಿಕೊಂಡಿದ್ದೆವೋ ನೆನಪೇ ಇರಲಿಲ್ಲ, ಫೋನ್ ಮಾಡಿ ರದ್ದು ಮಾಡಿಸಿದೆವು.

ಹೆಜ್ಜೆ 3: ತಿಂಗಳಿಗೆ ಒಂದೇ ಮೊತ್ತ ನಿಗದಿ ಮಾಡಿ, ಸಂಬಳದ ದಿನವೇ ಕಟ್ಟಿ

ನಮ್ಮದು ತಿಂಗಳಿಗೆ 18,000 ಅಂತ ಆಯಿತು. ಎರಡು ಕಾರ್ಡಿನ ಮಿನಿಮಮ್ ಸೇರಿ 7,000 ಹೇಗೂ ಹೋಗುತ್ತಿತ್ತು. ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟಿ ಉಳಿಸುತ್ತಿದ್ದ 5,000ದ ಆರ್‌ಡಿ ನಿಲ್ಲಿಸಿದೆವು. ಒಂದು ಕಡೆ ಶೇ 6-7 ಬಡ್ಡಿ ಪಡೆದು ಇನ್ನೊಂದು ಕಡೆ ಶೇ 42 ಕೊಡುವುದು ಉಳಿತಾಯವಲ್ಲ. ಉಳಿದ 6,000 ಹೊರಗಿನ ಊಟ, ಆನ್‌ಲೈನ್ ಬಟ್ಟೆ, ವಾರಾಂತ್ಯದ ಸುತ್ತಾಟದಿಂದ ಬಂತು. ಆದರೆ ಆರೋಗ್ಯ ವಿಮೆ ಮತ್ತು ಎಲ್‌ಐಸಿ ಕಂತು ಮುಟ್ಟಬೇಡಿ. ಸಾಲ ತೀರಿಸುವ ಉತ್ಸಾಹದಲ್ಲಿ ಆರೋಗ್ಯ ವಿಮೆ ಬಿಟ್ಟರೆ ಒಂದು ಆಸ್ಪತ್ರೆ ಬಿಲ್ಲಿಗೆ ಎಲ್ಲವೂ ಮತ್ತೆ ಕಾರ್ಡಿಗೇ ಬರುತ್ತದೆ. ಹಾಗೆಯೇ ಉಳಿತಾಯ ಖಾತೆಯ ಕೊನೆಯ ರೂಪಾಯಿಯನ್ನೂ ಕಾರ್ಡಿಗೆ ಸುರಿಯಬೇಡಿ. ನಾವು 18,000 ಬೇರೆ ಇಟ್ಟು ಮುಟ್ಟಲಿಲ್ಲ. ಅದು ಮುಂದೆ ಎಲ್ಲಿ ಕೈಹಿಡಿಯಿತು ಅಂತ ಹೇಳುತ್ತೇನೆ.

ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತದೆ. ಡ್ಯೂ ಡೇಟ್ 25 ಅಂತ 25ರವರೆಗೆ ಕಾಯುವ ಬದಲು ಸಂಬಳ ಬಂದ 1ನೇ ತಾರೀಕೇ ಕಟ್ಟಿದರೆ ಆ 24 ದಿನದ ಬಡ್ಡಿ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಮಧ್ಯದಲ್ಲಿ ಸಾವಿರ ರೂಪಾಯಿ ಕೈಗೆ ಬಂದರೂ ಅವತ್ತೇ ಹಾಕಿ, ತಿಂಗಳಿಗೆ ಒಂದೇ ಸಲ ಕಟ್ಟಬೇಕೆಂಬ ನಿಯಮವೇನಿಲ್ಲ. ಒಂದು ಎಚ್ಚರ: ಸ್ಟೇಟ್‌ಮೆಂಟ್ ಬರುವ ಮೊದಲೇ ಕಟ್ಟಿದ್ದು ಹೊಸ ಸ್ಟೇಟ್‌ಮೆಂಟ್‌ನ ಮಿನಿಮಮ್‌ಗೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಸ್ಟೇಟ್‌ಮೆಂಟ್ ಬಂದ ಮೇಲೆ ಇನ್ನೊಮ್ಮೆ ನೋಡಿ, ಮಿನಿಮಮ್ ತೋರಿಸುತ್ತಿದ್ದರೆ ಡ್ಯೂ ಡೇಟ್‌ಗೆ ಮೂರು ದಿನ ಮೊದಲೇ ಅದನ್ನು ಮುಗಿಸಿ.

ಹೆಜ್ಜೆ 4: ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಿ

ಬರೀ 18,000ದಿಂದ 1,40,000 ಆರು ತಿಂಗಳಲ್ಲಿ ತೀರುವುದಿಲ್ಲ. ಇಲ್ಲಿ ದರ ಬದಲಿಸುವುದೇ ದಾರಿ. ಚಿನ್ನದ ಮೇಲೆ ಸಾಲ, ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ (ಠೇವಣಿಯನ್ನು ಆಧಾರವಾಗಿಟ್ಟು ಪಡೆಯುವ ಸಾಲ), ಎಲ್‌ಐಸಿ ಪಾಲಿಸಿ ಮೇಲೆ ಸಾಲ, ಸೊಸೈಟಿ ಸಾಲ, ಪರ್ಸನಲ್ ಲೋನ್ ಇವೆಲ್ಲವೂ ಕಾರ್ಡಿಗಿಂತ ಅಗ್ಗ. ಕಾರ್ಡಿನವರೇ ಕೊಡುವ ಇಎಂಐ ಸೌಲಭ್ಯವೂ ಆಗಬಹುದು. ಆದರೆ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ, ಮೊದಲೇ ತೀರಿಸಿದರೆ ಬೀಳುವ ದಂಡ ಇವನ್ನು ಕೇಳಿಯೇ ಒಪ್ಪಬೇಕು. ಚೀಟಿ ಎತ್ತುವವರು ಎಷ್ಟು ಬಿಟ್ಟುಕೊಟ್ಟು ಎತ್ತುತ್ತಿದ್ದೀರಿ ಅಂತ ಕಾಗದದ ಮೇಲೆ ಹಾಕಿ ನೋಡಿ. ಲಕ್ಷದ ಚೀಟಿಯನ್ನು ತೀರಾ ಕಡಿಮೆಗೆ ಎತ್ತಿದರೆ ಕಾರ್ಡಿನ ಬಡ್ಡಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆ ಹೋಗಲೇಬೇಡಿ.

ನಾನು ನನ್ನ ಒಂದು ಜೊತೆ ಬಳೆ ಬ್ಯಾಂಕಿಗೆ ಒಯ್ದೆ. ಅಮ್ಮ ಮದುವೆಯಲ್ಲಿ ಹಾಕಿದ್ದು. ಅಪ್ರೈಸರ್ ಅದನ್ನು ಒರೆಗಲ್ಲಿಗೆ ತಿಕ್ಕಿ, ಆ್ಯಸಿಡ್ ಹನಿ ಬಿಟ್ಟು, ತಕ್ಕಡಿಗೆ ಇಡುವಾಗ ಎದೆ ಭಾರವಾಗಿತ್ತು. ಹತ್ತಿರದವರು ಕೇಳಿದರೆ ಏನು ಹೇಳುವುದು ಅನ್ನುವ ಚಿಂತೆ ಬೇರೆ. ಅಲ್ಲೇ ಕೂತು ಮತ್ತೆ ಲೆಕ್ಕ ಹಾಕಿದೆ: ಲಕ್ಷ ರೂಪಾಯಿಗೆ ವರ್ಷಕ್ಕೆ ಶೇ 10ರಂತೆ ತಿಂಗಳಿಗೆ 833 ರೂಪಾಯಿ ಬಡ್ಡಿ, ಅದೇ ಲಕ್ಷ ಕಾರ್ಡಿನಲ್ಲಿದ್ದರೆ ಜಿಎಸ್‌ಟಿ ಸೇರಿ 4,130. ಬೀರುವಿನೊಳಗೆ ಸುಮ್ಮನೆ ಕೂತ ಬಳೆ ತಿಂಗಳಿಗೆ ಸಾವಿರಾರು ರೂಪಾಯಿ ಉಳಿಸುತ್ತದೆ ಅಂದರೆ ಅದರಲ್ಲಿ ಅವಮಾನವೇನೂ ಇಲ್ಲ. 60,000 ಸಾಲ ಪಡೆದೆ, ಒಂದು ವರ್ಷದ ಅವಧಿಗೆ. ಪ್ಯಾಕೆಟ್ ಸೀಲ್ ಮಾಡುವಾಗ ತೂಕ, ಕ್ಯಾರೆಟ್ ಬರೆದ ಚೀಟಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಫೋಟೊ ತೆಗೆದಿಡಿ.

ಮನೆಯಲ್ಲಿ ಇನ್ನೂ ಚಿನ್ನ ಇತ್ತು. ಪೂರ್ತಿ 1,40,000ಕ್ಕೂ ಇಡಬಹುದಿತ್ತು, ಬಡ್ಡಿಯ ದೃಷ್ಟಿಯಿಂದ ಅದೇ ಲಾಭ. ನಾವು ಬೇಕಂತಲೇ ಇಡಲಿಲ್ಲ. ಹೊಸ ಮನೆಯ ಅಡ್ವಾನ್ಸ್‌ಗೆ ಕೊನೇ ಗಳಿಗೆಯಲ್ಲಿ ಏನಾದರೂ ಎಡವಟ್ಟಾದರೆ ಕೈಯಲ್ಲಿ ಒಂದು ದಾರಿ ಇರಬೇಕು. ಚಿನ್ನವೆಲ್ಲ ಕಾರ್ಡಿಗೇ ಹೋಗಿದ್ದರೆ ಅಡ್ವಾನ್ಸ್‌ಗೆ ಮತ್ತೆ ಕಾರ್ಡೇ ಗತಿಯಾಗುತ್ತಿತ್ತು. ಮನೆ ಬದಲಿಸುವ ಯೋಚನೆ ಇಲ್ಲದವರು ಬೇರೆ ಥರ ತೀರ್ಮಾನಿಸಬಹುದು.

ಹೆಜ್ಜೆ 5: ಬಡ್ಡಿ ಹೆಚ್ಚಿರುವ ಕಾರ್ಡ್ ಮೊದಲು

60,000ದಲ್ಲಿ 50,000 ಎರಡನೇ ಕಾರ್ಡಿಗೆ ಹೋಯಿತು. ಅದರ ಬಡ್ಡಿಯೂ ಹೆಚ್ಚು, ಮೊತ್ತವೂ ಚಿಕ್ಕದು, ಹಾಗಾಗಿ ಯೋಚಿಸುವುದೇ ಬೇಕಿರಲಿಲ್ಲ. ಸುಮಾರು 8,000 ಮೊದಲ ಕಾರ್ಡಿಗೆ, ಉಳಿದದ್ದನ್ನು ಶುಲ್ಕಕ್ಕೆ ಮತ್ತು ಕೈಯಲ್ಲಿ ಇಟ್ಟುಕೊಂಡೆವು. ಜನವರಿಗೆ ಮೊದಲ ಕಾರ್ಡಿನಲ್ಲಿ 82,000 ಬಾಕಿ. ತಿಂಗಳಿಗೆ 18,000 ಕಟ್ಟಿದಾಗ ಅದು ಇಳಿದ ಬಗೆ ನೋಡಿ: ಜನವರಿ ಕೊನೆಗೆ 67,387, ಫೆಬ್ರುವರಿ ಕೊನೆಗೆ 52,170, ಮಾರ್ಚ್‌ನಲ್ಲಿ 36,325, ಏಪ್ರಿಲ್‌ನಲ್ಲಿ 19,825, ಮೇ ತಿಂಗಳಲ್ಲಿ 2,644. ಜನವರಿಯ 18,000ದಲ್ಲಿ 3,387 ಬಡ್ಡಿ ಮತ್ತು ತೆರಿಗೆಗೆ ಹೋಗಿತ್ತು, ಮೇ ತಿಂಗಳಲ್ಲಿ ಬರೀ 819. ಮೊದಲ ಎರಡು ತಿಂಗಳು ಕಷ್ಟವೆನಿಸುತ್ತದೆ, ಅಲ್ಲಿ ಕೈಬಿಡಬೇಡಿ. ಮೂರನೇ ತಿಂಗಳಿನಿಂದ ಬಾಕಿ ಕಣ್ಣೆದುರೇ ಕರಗುತ್ತದೆ. ಕೊನೆಯ 2,644 ಹಳೆಯ ಫ್ರಿಜ್ ಮತ್ತು ಮಗನ ಚಿಕ್ಕ ಸೈಕಲ್ ಮಾರಿದ 4,500ರಲ್ಲಿ ತೀರಿತು. ಹೇಗೂ ಅವನ್ನು ಹೊಸ ಮನೆಗೆ ಹೊತ್ತೊಯ್ಯುವುದಿರಲಿಲ್ಲ, ಲಾರಿಯಲ್ಲೂ ಜಾಗ ಉಳಿಯಿತು.

ಹೆಜ್ಜೆ 6: ಎರಡು ಅಡ್ವಾನ್ಸ್‌ಗಳ ನಡುವಿನ ಕಂದಕ ಮುಚ್ಚಿ

ಸಾಲ ತೀರಿಸುವುದರಷ್ಟೇ ಮುಖ್ಯವಾದ ಕೆಲಸ ಇದು. ಇಲ್ಲಿ ಎಡವಿದರೆ ತೀರಿಸಿದ್ದೆಲ್ಲ ಹತ್ತು ದಿನದಲ್ಲಿ ವಾಪಸ್ ಕಾರ್ಡಿಗೆ ಏರುತ್ತದೆ.

ಮೊದಲು ಹಳೆಯ ಮನೆಯ ಅಗ್ರಿಮೆಂಟ್ ತೆಗೆದು ಓದಿ. ನೋಟಿಸ್ ಒಂದು ತಿಂಗಳೋ ಎರಡೋ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಯಾವಾಗ ಕೊಡುತ್ತಾರೆ ಅಂತ ಅದರಲ್ಲಿರುತ್ತದೆ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯುವುದು ರೂಢಿ. ಅಷ್ಟು ಬರುವುದಿಲ್ಲ ಅಂತಲೇ ಲೆಕ್ಕ ಇಡಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ಅದನ್ನು ನಂಬಿ ದುಡ್ಡಿನ ಲೆಕ್ಕ ಹಾಕಬೇಡಿ. ಚೌಕಾಸಿ ಮಾಡುವಾಗ ಮಾತ್ರ ಎತ್ತಿ.

ನಮ್ಮ ಹಳೆಯ ಮನೆಗೆ ಬಾಡಿಗೆ 16,000, ಅಡ್ವಾನ್ಸ್ 1,00,000 ಕೊಟ್ಟಿದ್ದೆವು. ಹೊಸ ಮನೆಗೆ ಬೇಕಿದ್ದದ್ದು 1,20,000. ಎರಡೂ ಓನರ್‌ಗಳ ಜೊತೆ ಮಾತಾಡಿದೆವು. ಹಳೆಯವರಿಗೆ, "ಏಪ್ರಿಲ್, ಮೇ ಬಾಡಿಗೆ ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ, ನಿಮಗೂ ಕೊನೆಗೆ ಕೈಯಿಂದ ಕೊಡೋದು ಕಡಿಮೆಯಾಗುತ್ತೆ" ಅಂದೆವು. ಒಪ್ಪಿದರು. ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಅವರಿಂದ "ಸರಿ" ಅನ್ನಿಸಿಕೊಂಡೆವು. ಬಾಯಿಮಾತಿಗೆ ಬಿಡಬೇಡಿ. ಅದರಿಂದ 32,000 ಕೈಯಲ್ಲಿ ಉಳಿಯಿತು. ಹೊಸಬರಿಗೆ, ಅಗ್ರಿಮೆಂಟ್ ದಿನ 50,000, ಉಳಿದ 70,000 ಜೂನ್ ಮುಗಿಯುವುದರೊಳಗೆ ಅಂತ ಕೇಳಿಕೊಂಡೆವು. ಸ್ವಲ್ಪ ಹಿಂದೆಮುಂದೆ ನೋಡಿ, ಗಂಡನ ಆಫೀಸಿನ ಐಡಿ ನೋಡಿ ಒಪ್ಪಿದರು. ಮೊದಲ 50,000ಕ್ಕೆ ಆ 32,000, ಜೊತೆಗೆ ಮುಟ್ಟದೆ ಇಟ್ಟಿದ್ದ 18,000. ಹಳೆಯ ಓನರ್ ಎರಡು ಬಾಡಿಗೆ ಮತ್ತು 16,000 ಪೇಂಟಿಂಗ್ ಕಳೆದು 52,000 ಕೊಟ್ಟರು. ಅದಕ್ಕೆ ಜೂನ್ ತಿಂಗಳ 18,000 ಸೇರಿಸಿ 70,000 ಮುಗಿಸಿದೆವು. ಕಾರ್ಡಿಗೆ ಹೋಗುತ್ತಿದ್ದ ಆ 18,000 ಬಿಡುವಾಗಿ ಕೈಯಲ್ಲಿದ್ದದ್ದೇ ನಮ್ಮನ್ನು ಉಳಿಸಿದ್ದು.

ಓನರ್ ಒಪ್ಪದಿದ್ದರೆ? ಕಡಿಮೆ ಅಡ್ವಾನ್ಸ್, ಬಾಡಿಗೆ ಐನೂರೋ ಸಾವಿರವೋ ಹೆಚ್ಚು ಅನ್ನುವ ಮನೆಯನ್ನೂ ನೋಡಿ. ಅಡ್ವಾನ್ಸ್‌ಗಾಗಿ ಕಾರ್ಡಿನಲ್ಲಿ 60,000 ಹಾಕಿದರೆ ತಿಂಗಳಿಗೆ ಜಿಎಸ್‌ಟಿ ಸೇರಿ 2,478 ಬಡ್ಡಿ. ಅದಕ್ಕಿಂತ ಸಾವಿರ ಹೆಚ್ಚು ಬಾಡಿಗೆ ಮೇಲು.

ಖಾಲಿ ಮಾಡುವ ದಿನ ಪ್ರತಿ ಕೋಣೆ, ನಲ್ಲಿ, ಸ್ವಿಚ್‌ಬೋರ್ಡ್ ವಿಡಿಯೊ ಮಾಡಿ. ಬೆಸ್ಕಾಂ ಮೀಟರ್ ರೀಡಿಂಗ್‌ನ ಫೋಟೊ ತೆಗೆದು, ಕೊನೆಯ ಬಿಲ್ ಕಟ್ಟಿ ರಸೀದಿ ಓನರ್‌ಗೆ ಕಳಿಸಿ. ಅಡ್ವಾನ್ಸ್‌ನಲ್ಲಿ ಹಿಡಿಯಲು ಕಾರಣ ಸಿಗಬಾರದು.

ಹೆಜ್ಜೆ 7: ಬಾಕಿ ಸೊನ್ನೆ ಆದ ಮೇಲೂ ಒಂದು ತಿಂಗಳು ಬಿಡಬೇಡಿ

ನಾವು ಎಡವಿದ್ದು ಇಲ್ಲಿ. ಎರಡನೇ ಕಾರ್ಡಿನ ಸ್ಟೇಟ್‌ಮೆಂಟ್ ಡಿಸೆಂಬರ್ 5ಕ್ಕೆ ಬಂದಿತ್ತು, 50,000 ಕಟ್ಟಿದ್ದು 20ಕ್ಕೆ. ಆ್ಯಪ್‌ನಲ್ಲಿ ಸೊನ್ನೆ ಅಂತ ಕಂಡಿತು, ಮನೆಯಲ್ಲಿ ಪಾಯಸ ಮಾಡಿದೆ. ಜನವರಿಯಲ್ಲಿ 1,091 ರೂಪಾಯಿಯ ಸ್ಟೇಟ್‌ಮೆಂಟ್ ಬಂತು. ತೀರಿದ ಕಾರ್ಡ್ ಅಂತ ನಾವು ಇಮೇಲ್ ತೆಗೆದೇ ಇರಲಿಲ್ಲ, ಫೆಬ್ರುವರಿಯಲ್ಲಿ ಲೇಟ್ ಫೀ ಬಿತ್ತು. ಏನಾಗಿತ್ತು ಅಂದರೆ, 5ರಿಂದ 20ರವರೆಗಿನ 15 ದಿನದ ಬಡ್ಡಿ ಆ ಸ್ಟೇಟ್‌ಮೆಂಟ್‌ನಲ್ಲಿ ಸೇರಿರಲಿಲ್ಲ. 925 ಬಡ್ಡಿ, 166 ಜಿಎಸ್‌ಟಿ. ಪೂರ್ತಿ ಕಟ್ಟಿದ ಮೇಲೂ ಹೀಗೆ ಬಾಲದಂತೆ ಒಂದು ಬಡ್ಡಿ ಬರುತ್ತದೆ, ಮನೆ ಬದಲಿಸುವ ಗಡಿಬಿಡಿಯಲ್ಲಿ ಅದು ಕಣ್ತಪ್ಪುವುದು ಬಹಳ ಸುಲಭ. ಕೊನೆಯ ಪಾವತಿ ಮಾಡುವ ದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ಇವತ್ತಿನವರೆಗಿನ ಬಡ್ಡಿ ಸೇರಿಸಿ ಒಟ್ಟು ಎಷ್ಟು" ಅಂತಲೇ ಕೇಳಿ. ಆದರೂ ಮುಂದಿನ ಎರಡು ಸ್ಟೇಟ್‌ಮೆಂಟ್ ತೆರೆದು ನೋಡಿ.

ಎಷ್ಟೇ ಕಷ್ಟವಾದರೂ "ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿ ಸಾಕು" ಅನ್ನುವ ಮಾತಿಗೆ ತಟ್ಟನೆ ಒಪ್ಪಬೇಡಿ. ಕ್ರೆಡಿಟ್ ರಿಪೋರ್ಟ್‌ನಲ್ಲಿ ಅದು "ಕ್ಲೋಸ್ಡ್" ಅಂತ ಬಾರದೆ "ಸೆಟಲ್ಡ್" ಅಂತ ಬರುತ್ತದೆ, ಮುಂದೆ ಹೋಮ್ ಲೋನ್ ಕೇಳಲು ಹೋದಾಗ ಅಡ್ಡ ಬರುತ್ತದೆ. ಕಟ್ಟಲಾಗದ ಸ್ಥಿತಿ ಬಂದರೆ ಬ್ಯಾಂಕಿಗೆ ನೀವೇ ಬರೆದು ಕಂತು ಮಾಡಿಕೊಡಿ ಅಂತ ಕೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮಾಡಿದರೆ ಸಮಯದೊಂದಿಗೆ ಸ್ಕ್ರೀನ್‌ಶಾಟ್ ಇಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು, ಅದಕ್ಕೆ ಖರ್ಚಿಲ್ಲ.

ಹೆಜ್ಜೆ 8: ಯಾವ ಕಾರ್ಡ್ ಮುಚ್ಚಬೇಕು, ಯಾವುದು ಇರಲಿ

ಎರಡೂ ಮುಚ್ಚುವುದು ಬೇಡ. ಹಳೆಯದೊಂದನ್ನು ಸಣ್ಣ ಮಿತಿಯೊಂದಿಗೆ ಇಟ್ಟುಕೊಂಡರೆ ಕ್ರೆಡಿಟ್ ಸ್ಕೋರ್‌ಗೆ ಒಳ್ಳೆಯದು. ವರ್ಷದ ಫೀ ಇರುವುದನ್ನು ಮುಚ್ಚಿ. ಬಾಕಿ ಇಲ್ಲದ ಕಾರ್ಡ್ ಮುಚ್ಚಲು ಅರ್ಜಿ ಕೊಟ್ಟ 7 ಕೆಲಸದ ದಿನದಲ್ಲಿ ಬ್ಯಾಂಕ್ ಮುಚ್ಚಬೇಕು. ತಪ್ಪಿದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಅರ್ಜಿಯನ್ನು ಇಮೇಲ್‌ನಲ್ಲಿ ಕೊಡಿ, ತಾರೀಕು ದಾಖಲೆಯಾಗಿ ಉಳಿಯುತ್ತದೆ. ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ.

ಉಳಿಸಿಕೊಂಡ ಕಾರ್ಡಿಗೆ ಶಿಫ್ಟ್ ಆಗುವ ವಾರವೇ ವಿಳಾಸ ಬದಲಿಸಿ. ಹೊಸ ಕಾರ್ಡ್ ಹಳೆಯ ಮನೆಯ ಬಾಗಿಲಿಗೆ ಹೋಗಬಾರದು.

ಒಂದೆರಡು ತಿಂಗಳ ಮೇಲೆ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಬೇಕು. ಮುಚ್ಚಿದ ಕಾರ್ಡಿನ ಎದುರು ಬಾಕಿ ಸೊನ್ನೆ ಇದೆಯೇ ನೋಡಿ. ತಪ್ಪಿದ್ದರೆ ಅಲ್ಲೇ ದೂರು ಹಾಕಿ.

ಹೆಜ್ಜೆ 9: ಹೊಸ ಮನೆಯ ಮೊದಲ ತಿಂಗಳು

ಹಾಲುಕ್ಕಿಸಿದ ದಿನ ನಮ್ಮ ಮನೆಯಲ್ಲಿ ಹಳೆಯ ಪರದೆಗಳೇ ಇದ್ದವು. ಒಂದು ಕಿಟಕಿಗೆ ಗಿಡ್ಡವಾಗಿ ಅರ್ಧ ಅಡಿ ಬೆಳಕು ಒಳಗೆ ಬೀಳುತ್ತಿತ್ತು. ಹೊಸದಾಗಿ ಬೇಕೆನಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ, ತಿಂಗಳು ಕಾದೆವು. 14 ಸಾಮಾನು ಬರೆದಿದ್ದೆವು, ತಿಂಗಳ ಮೇಲೂ ಬೇಕೆನಿಸಿದ್ದು ಐದು. ಅವನ್ನು ನಗದಿಗೇ ಕೊಂಡೆವು, ಎರಡು ತಿಂಗಳಲ್ಲಿ.

ಜುಲೈನಿಂದ ಅದೇ 18,000 ಚಿನ್ನದ ಸಾಲಕ್ಕೆ ಹೋಗತೊಡಗಿತು. ನಾಲ್ಕನೇ ಕಂತಿಗೆ, ಅಕ್ಟೋಬರ್‌ನಲ್ಲಿ, ಸಾಲ ಮುಗಿಯಿತು. ಬಳೆ ಬಿಡಿಸಿಕೊಳ್ಳಲು ಹೋಗುವಾಗ ಆ ತೂಕದ ಚೀಟಿಯನ್ನು ಜೊತೆಗೆ ಒಯ್ಯಿರಿ. ಸೀಲ್ ಒಡೆದಿಲ್ಲವೆಂದು ನೋಡಿ, ಪ್ಯಾಕೆಟ್ಟನ್ನು ಕೌಂಟರಿನಲ್ಲೇ ಬಿಚ್ಚಿಸಿ, ನಿಮ್ಮೆದುರೇ ತೂಗಿಸಿ, ಚೀಟಿಯಲ್ಲಿದ್ದ ತೂಕಕ್ಕೆ ಸರಿಯಾದ ಮೇಲೆಯೇ ರಿಜಿಸ್ಟರ್‌ನಲ್ಲಿ ಸಹಿ ಮಾಡಿ.